ಚಿತ್ರದ ಮುಖಕ್ಕೆ ಬಿದ್ದ ಶಿಕ್ಕಾ

ನಮ್ಮ ಕಡೆ ಒಂದು ಸ್ಟೀಲ್ ತಂಬಿಗೆ ಕೊಂಡರೂ ಅದರ ಹೊಟ್ಟೆಯ ಮೇಲೆ ಹೆಸರು ಕೊರೆಸದೆ ಯಾರೂ ಮನೆಗೆ ಒಯ್ಯುವುದಿಲ್ಲ. ನಾನು ಹುಟ್ಟಿದ ಹಲಬರ್ಗಾದ ಮನೆಯಲ್ಲಿ ಅಜ್ಜಿಯ ಹೆಸರನ್ನು ನಾನು ಮೊದಲು ಓದಿದ್ದು ರೊಟ್ಟಿ ಹಿಟ್ಟು ನಾದುವ ಪರಾತದ ಮೇಲೆ. ಸಾಮಾನು ಯಾರದು ಎಂಬುದು ದೂರದಿಂದ ಕಾಣಬೇಕು, ಮದುವೆ ಪಂಕ್ತಿಯ ಗದ್ದಲದಲ್ಲೂ ಕಾಣಬೇಕು. ಈ ಸಂಸ್ಕಾರವನ್ನು ನಾನು ಬೀದರಿನ ಒಂದು ಕಲಾ ಕಾಲೇಜಿನ ಗ್ರಂಥಾಲಯಕ್ಕೆ ಒಯ್ದೆ. ಅದು ನನ್ನನ್ನು ಎಲ್ಲಿಗೆ ಒಯ್ಯಿತು ಎಂಬುದನ್ನು ಹೇಳುತ್ತೇನೆ.

ಅದೇ ಕಾಲೇಜಿನಲ್ಲಿ ನಾನು ಚಿತ್ರಕಲೆ ಓದಿದ್ದೆ. ನಾನು ಬರೆದ ಕುದುರೆಯನ್ನು ಬಹಳ ಹೊತ್ತು ನೋಡಿದ ಗುರುಗಳು, “ಹೊತ್ತಿಗಿ ಎಷ್ಟ್ ಹಾಲ್ ಕೊಡ್ತದಪ್ಪಾ ಇದು?” ಎಂದು ಕೇಳಿದ್ದರು. ಚಿತ್ರ ಬರೆಯಲು ಬಾರದವನು ಚಿತ್ರ ಕಾಯಬಹುದಲ್ಲ ಎಂದು ಆಮೇಲೆ ಗ್ರಂಥಾಲಯ ವಿಜ್ಞಾನ ಓದಿದೆ. ಕಲೆಯೂ ಗೊತ್ತಿರುವ, ಪುಸ್ತಕವೂ ಗೊತ್ತಿರುವ ಗ್ರಂಥಪಾಲಕರು ನಮ್ಮ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ ಎಂದು ನನಗೆ ನಾನೇ ಭಾಷಣ ಮಾಡಿಕೊಂಡು, ತರಬೇತಿಗೆಂದು ಹಳೆಯ ಕಾಲೇಜಿಗೇ ಬಂದು ಸೇರಿದೆ. ಅಲ್ಲಿನ ಗ್ರಂಥಪಾಲಕಿಯನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಅವರು ಆ ಬೇಸಿಗೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿಯ ಮೇಲೆ ನನ್ನ ಕಣ್ಣಿತ್ತು. ಅವರಿಗೂ ಅದು ಗೊತ್ತಿತ್ತು. ನಾನು ತಪ್ಪು ಮಾಡಿದಾಗಲೆಲ್ಲ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಕಲಾ ಗ್ರಂಥಾಲಯದ ಕೆಲಸ ಬೇರೆ ಗ್ರಂಥಾಲಯದಂತಲ್ಲ. ದೊಡ್ಡ ಚಿತ್ರಪುಸ್ತಕಗಳನ್ನು ಕಪಾಟಿನಲ್ಲಿ ನಿಲ್ಲಿಸಬಾರದು, ಮಲಗಿಸಬೇಕು. ನಿಲ್ಲಿಸಿದರೆ ದಪ್ಪ ಹಾಳೆಗಳ ಭಾರಕ್ಕೆ ಪುಸ್ತಕದ ಬೆನ್ನು ಹರಿಯುತ್ತದೆ. ಒಯ್ದ ಪುಸ್ತಕ ಮರಳಿ ಬಂದಾಗ ಚಿತ್ರಗಳ ಪಟ್ಟಿ ಹಿಡಿದು ಒಂದೊಂದೇ ಹಾಳೆ ತಿರುವಿ ನೋಡಬೇಕು, ಏಕೆಂದರೆ ಕಲೆ ಓದುವವರ ಜೇಬಿನಲ್ಲಿ ಯಾವಾಗಲೂ ಒಂದು ಬ್ಲೇಡ್ ಇರುತ್ತದೆ. ಪೆನ್ಸಿಲ್ ಕೆತ್ತುವುದಕ್ಕೆ ಎನ್ನುತ್ತಾರೆ. ಓದುಗರು ಬಂದು ಪುಸ್ತಕದ ಹೆಸರು ಹೇಳುವುದಿಲ್ಲ, ಬರೆದವರ ಹೆಸರೂ ಹೇಳುವುದಿಲ್ಲ. “ಕುಂತ ಹೆಂಗಸು ಬೇಕ್ರಿ, ಬೆನ್ನು ಕಾಣಬೇಕು” ಎನ್ನುತ್ತಾರೆ. ಒಮ್ಮೆ ಒಬ್ಬಳು “ನೀಲಿ ಬೇಕ್ರಿ” ಎಂದಳು, ಅಷ್ಟೇ. ನಾನು ಕಂಪ್ಯೂಟರಿನಲ್ಲಿ ‘ನೀಲಿ’ ಎಂದು ಹೊಡೆದು ಕಾಯುತ್ತ ಕೂತೆ. ಅಕ್ಕೋರು ಕನ್ನಡಕದ ಮೇಲಿನಿಂದ ನೋಡಿ, “ಯಾವ್ ನೀಲಿ ಬೇಕವ್ವಾ? ಬೆಳಗಿಂದೋ, ಸಂಜಿದೋ?” ಎಂದು ಕೇಳಿದರು. “ಸಂಜಿದು” ಎಂದಳು. ಅವರು ಎದ್ದು ಹೋಗಿ ಒಂದು ಪುಸ್ತಕ ತಂದು ಅವಳ ಮುಂದೆ ತೆರೆದಿಟ್ಟರು. ನನಗೆ ಅಂಥ ಗ್ರಂಥಪಾಲಕ ಆಗಬೇಕಿತ್ತು.

ಆದದ್ದು ಬೇರೆ. ಮೊದಲು ಬೇವಿನ ಕಥೆ. ಪುಸ್ತಕಕ್ಕೆ ಹುಳ ಬೀಳದಂತೆ ಬೇವಿನ ಎಲೆ ಇಡುತ್ತಾರೆ ಎಂದು ಓದಿದ್ದೆ. ನಮ್ಮ ಮನೆಯಲ್ಲೂ ಜೋಳಕ್ಕೆ ಇಡುತ್ತಾರೆ. ಸರಿ, ಕಾಲೇಜಿನ ಹಿಂದಿನ ಮರದಿಂದ ಹಸಿ ಸೊಪ್ಪು ಮುರಿದು ತಂದು ಕಪಾಟಿನ ಪುಸ್ತಕಗಳ ನಡುವೆ ತುರುಕಿದೆ. ವಾರದ ನಂತರ ತೆಗೆದರೆ ಇಟಲಿಯ ಒಂದು ದೊಡ್ಡ ಗುಮ್ಮಟದ ಚಿತ್ರದ ಮೇಲೆ ಹಸಿರು ಎಲೆಯ ಅಚ್ಚು. “ಒಣಗಿಸಿ ಇಡ್ಬೇಕೋ ತಮ್ಮಾ,” ಎಂದರು ಅಕ್ಕೋರು. “ಇದೇನ್ ಪಲ್ಯಾ ಮಾಡ್ಲತ್ತಿಯೇನು?” ಕುರ್ಚಿ ಒಂದು ಗೇಣು ಹಿಂದೆ ಹೋಯಿತು.

ನಮ್ಮ ಗ್ರಂಥಾಲಯದಲ್ಲಿ ಬೆಲೆಬಾಳುವುದು ಅಂತ ಇದ್ದದ್ದು ಒಂದೇ ಒಂದು ವಸ್ತು. ಬಟ್ಟೆ ಹೊದಿಸಿದ ಒಂದು ಪೆಟ್ಟಿಗೆ, ಅದರೊಳಗೆ ಹಳೆಯ ದಖನಿ ಚಿತ್ರಗಳ ಅಚ್ಚಿನ ಪ್ರತಿಗಳು, ಹೊಲಿಗೆಯಿಲ್ಲದ ಬಿಡಿಬಿಡಿ ಹಾಳೆಗಳು. ಗಿಡುಗ ಹಿಡಿದ ಸುಲ್ತಾನ, ವೀಣೆ ಹಿಡಿದ ಹೆಂಗಸು, ಕುದುರೆ ಸವಾರ, ಆನೆ, ಮರದ ಕೆಳಗೆ ಪುಸ್ತಕ ಓದುತ್ತ ಕೂತ ಮುದುಕ. ಈಗ ಅದು ಎಲ್ಲೂ ಸಿಗುವುದಿಲ್ಲ. ಅಕ್ಕೋರು ಅದನ್ನು ತೆಗೆಯುವ ಮೊದಲು ಕೈ ತೊಳೆದು, ಸೆರಗಿಗೆ ಒರೆಸಿ, ಮತ್ತೆ ಒಂದು ಬಿಳಿ ಬಟ್ಟೆಗೆ ಒರೆಸುತ್ತಿದ್ದರು. ಮುದುಕನ ಹಾಳೆ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದರು.

ಚಳಿಗಾಲದಲ್ಲಿ ಅವರು ಮಗಳ ಬಾಣಂತನಕ್ಕೆಂದು ರಜೆ ಹಾಕಿದರು. ಹೊರಡುವ ಗಡಿಬಿಡಿಯಲ್ಲಿ ಬಾಗಿಲಲ್ಲಿ ನಿಂತು ಹೇಳಿದರು: “ಆ ಪೆಟಗಿ ಹಾಳಿಗೋಳಿಗಿ ಇನ್ನಾ ಶಿಕ್ಕಾ ಬಿದ್ದಿಲ್ಲ. ಒಂದೂ ಬಿಡಬ್ಯಾಡ, ಎಲ್ಲದಕ್ಕೂ ಹಾಕಿಡು.”

ಶಿಕ್ಕಾ ಎಂದರೆ ಕಾಲೇಜಿನ ದುಂಡು ರಬ್ಬರ್ ಮುದ್ರೆ. ಪುಸ್ತಕವಾದರೆ ಎಲ್ಲಿ ಹೊಡೆಯಬೇಕೆಂದು ನನಗೆ ಗೊತ್ತಿತ್ತು: ಹೆಸರಿನ ಪುಟದ ಹಿಂದೆ, ಮತ್ತೆ ಗ್ರಂಥಾಲಯದವರಿಗಷ್ಟೇ ಗೊತ್ತಿರುವ ಒಂದು ಗುಪ್ತ ಪುಟದಲ್ಲಿ. ಬಿಡಿ ಚಿತ್ರಕ್ಕೆ? ಅಂಚಿನಲ್ಲಿ ಹೊಡೆದರೆ ಬ್ಲೇಡಿನವರು ಅಂಚು ಕತ್ತರಿಸುತ್ತಾರೆ. ಹಿಂದೆ ಹೊಡೆದರೆ ಗೋಡೆಗೆ ಅಂಟಿಸಿದ ಮೇಲೆ ಯಾರಿಗೆ ಕಾಣುತ್ತದೆ? ನನಗೆ ಅಜ್ಜಿಯ ಪರಾತ ನೆನಪಾಯಿತು. ಹೊಟ್ಟೆಯ ಮೇಲೆ ಹೆಸರಿರುವ ತಂಬಿಗೆಯನ್ನು ಇವತ್ತಿನವರೆಗೆ ಯಾರಾದರೂ ಕದ್ದದ್ದುಂಟೆ?

ಶಾಯಿಯ ಪ್ಯಾಡ್ ಚೆನ್ನಾಗಿ ತೋಯಿಸಿಕೊಂಡು ಕೂತೆ. ಸುಲ್ತಾನನ ಎದೆಗೆ ಒಂದು. ಕುದುರೆಯ ಹೊಟ್ಟೆಗೆ ಒಂದು. ವೀಣೆಯ ಹೆಂಗಸಿನ ಕೆನ್ನೆಗೆ ಒಂದು. ಆನೆಗೆ ಜಾಗ ಬಹಳವಿತ್ತು, ಎರಡು ಹೊಡೆದೆ. ಪ್ರತಿ ಪೆಟ್ಟಿಗೂ ಮೇಜು ದಡ್ ಎನ್ನುತ್ತಿತ್ತು. ನೇರಳೆ ಬಣ್ಣದ ಶಿಕ್ಕಾ ಎಷ್ಟು ಚೆಂದ ಮೂಡಿತೆಂದರೆ, ಕಾಲೇಜಿನ ಹೆಸರು ಬೀದರ ಕೋಟೆಯ ಮೇಲಿನಿಂದಲೂ ಓದಬಹುದಿತ್ತು. ಒಣಗಲೆಂದು ಎಲ್ಲವನ್ನೂ ಓದುವ ಕೋಣೆಯ ಮೇಜುಗಳ ಮೇಲೆ ಹರಡಿ, ಚಹಾ ಕುಡಿಯಲು ಹೋದೆ.

ಬರುವಷ್ಟರಲ್ಲಿ ಅಂತಿಮ ವರ್ಷದವರು ಮೇಜಿನ ಸುತ್ತ ನಿಂತಿದ್ದರು. ‘ನೀಲಿ ಬೇಕ್ರಿ’ ಎಂದಿದ್ದವಳು ನನ್ನ ಕಡೆ ತಿರುಗಿ, “ಅಣ್ಣಾ, ಇದ್ಯಾರ್ ಮಾಡ್ಯಾರ್ರಿ?” ಎಂದಳು.

“ನಾನೇ. ಯಾಕ?”

“ಏನಿಲ್ರಿ. ಇನ್ನೊಂದ್ ಖಾಲಿ ಉಳದದ,” ಎಂದು ತನ್ನ ಹಣೆ ತೋರಿಸಿದಳು.

ಅವತ್ತಿನಿಂದ ನನ್ನ ಹೆಸರು ಶಿಕ್ಕಾ ಮಾಸ್ತರ್ ಆಯಿತು.

ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಗಾಬರಿಯಲ್ಲಿ ರಬ್ಬರು ತೆಗೆದುಕೊಂಡು ತಿಕ್ಕಿದೆ. ಶಿಕ್ಕಾ ಹೋಗಲಿಲ್ಲ, ಹರಡಿತು. ಓದಲು ಬರುತ್ತಿದ್ದ ಅಕ್ಷರಗಳೂ ಓದಲು ಬಾರದಂತಾಗಿ, ನೇರಳೆ ಬಣ್ಣದ ಒಂದು ಗುಂಡನೆಯ ಗೀಚು ಉಳಿಯಿತು. ಅಕ್ಕೋರು ರಜೆ ಮುಗಿಸಿ ಬಂದು ಪೆಟ್ಟಿಗೆ ತೆರೆದರು. ಒಂದೊಂದೇ ಹಾಳೆ ಎತ್ತಿಟ್ಟರು. ಕುರ್ಚಿ ಹಿಂದೆ ಎಳೆದುಕೊಳ್ಳಲಿಲ್ಲ, ಅದರ ಮೇಲೆ ಕೂತುಬಿಟ್ಟರು.

“ಅಲ್ಲೋ ತಮ್ಮಾ,” ಎಂದರು, “ದನಕ್ಕ ಬರಿ ಹಾಕದಂಗ ಹಾಕಿಯಲ್ಲೋ. ಚಿತ್ರದ್ ಬೆನ್ನಿಗಿ ಹೊಡಿಬೇಕು. ಬೆನ್ನಿಗಿ, ಮೂಲ್ಯಾಗ, ಸಣ್ಣಂದು. ಮುಖ ಅದರದು, ಬೆನ್ನಷ್ಟೇ ನಮ್ದು.”

ಅವರು ಕೊನೆಯ ಹಾಳೆ ಎತ್ತಿದರು. ಓದುವ ಮುದುಕ. ಅವನ ತೊಡೆಯ ಮೇಲೆ ತೆರೆದ ಪುಸ್ತಕದ ಮೇಲೆಯೇ ಶಿಕ್ಕಾ ಬಿದ್ದಿತ್ತು. ಅಕ್ಕೋರ ಮೂಗಿನಿಂದ ಸಣ್ಣ ನಗು ಬಂತು. “ಇದೊಂದು ಬರೋಬರಿ ಬಿದ್ದದ ನೋಡು. ಪುಸ್ತಕದ ಮ್ಯಾಲ.”

ಆಮೇಲೆ ಅವರು ನನ್ನನ್ನು ಬೈಯಲಿಲ್ಲ, ಪ್ರಾಂಶುಪಾಲರಿಗೂ ಹೇಳಲಿಲ್ಲ. ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ಪೆಟ್ಟಿಗೆ ಕಟ್ಟಿ, ಗಾಜಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. ಕಪಾಟಿನ ಇನ್ನೊಂದು ಬೀಗದ ಕೈ ಆಫೀಸಿನಲ್ಲಿ, ಸೂಪರಿಂಟೆಂಡೆಂಟ್ ಸಾಹೇಬರ ಡ್ರಾವರಿನಲ್ಲಿ ಇರುತ್ತಿತ್ತು.

ಸ್ವಲ್ಪ ದಿನದಲ್ಲಿ ಕಾಲೇಜಿನ ವಾರ್ಷಿಕೋತ್ಸವ ಬಂತು. ನಮ್ಮಲ್ಲಿ ವಾರ್ಷಿಕೋತ್ಸವವೆಂದರೆ ಸನ್ಮಾನ: ಶಾಲು, ಹಾರ, ಕೊನೆಗೆ ಬಣ್ಣದ ಕಾಗದ ಸುತ್ತಿದ ಒಂದು ಫ್ರೇಮು. ಫ್ರೇಮ್ ಇಲ್ಲದ ಸನ್ಮಾನ ಸನ್ಮಾನವೇ ಅಲ್ಲ. ಆ ವರ್ಷ ಮೂವರಿಗೆ ಮಾಡಿದರು. ಹಳೆ ಊರಿನ ಫ್ರೇಮ್ ಅಂಗಡಿಯಿಂದ ಮೂರು ಕಟ್ಟು ತರಲು ಸೂಪರಿಂಟೆಂಡೆಂಟರು ನನ್ನನ್ನೇ ಕಳಿಸಿದರು. ವೇದಿಕೆಯ ಮೇಲೆ ಅವನ್ನು ತಟ್ಟೆಯಲ್ಲಿ ಹಿಡಿದು ನಿಲ್ಲುವ ಕೆಲಸವೂ ನನ್ನದೇ. ಫೋಟೋದಲ್ಲಿ ಎಲ್ಲರ ಹಿಂದೆ ಹಲ್ಲು ಕಿರಿದು ನಿಂತ ತಲೆ ನನ್ನದು.

ಅಕ್ಕೋರ ನಿವೃತ್ತಿ ಹತ್ತಿರ ಬಂದಾಗ ದಾಸ್ತಾನು ತಪಾಸಣೆ ಶುರುವಾಯಿತು. ಪುಸ್ತಕ ಒಂದೊಂದಾಗಿ ಎಣಿಸಿ ಒಪ್ಪಿಸಬೇಕು. ಎಲ್ಲ ಸರಿಯಿದೆ ಎಂದು ಆಫೀಸು ಬರೆದುಕೊಟ್ಟರೆ ಅಕ್ಕೋರ ಪಿಂಚಣಿಯ ಕಾಗದ ಮುಂದೆ ಹೋಗುತ್ತದೆ. ಏನಾದರೂ ಕಡಿಮೆ ಬಿದ್ದರೆ ಅಲ್ಲೇ ನಿಲ್ಲುತ್ತದೆ. ಅಕ್ಕೋರಿಗೆ ಗಂಡ ಇರಲಿಲ್ಲ. ಮಗಳು ಮೊಮ್ಮಗನ ಜೊತೆ ತಾಯಿಯ ಮನೆಯಲ್ಲೇ ಉಳಿದಿದ್ದಳು, ಯಾಕೆ ಉಳಿದಿದ್ದಾಳೆಂದು ಯಾರೂ ಕೇಳುತ್ತಿರಲಿಲ್ಲ. ಆ ಕಾಗದದ ಮೇಲೆ ಒಂದು ಮನೆ ನಿಂತಿತ್ತು.

ಕೊನೆಗೆ ಪೆಟ್ಟಿಗೆ ತೆರೆದೆವು. ಪಟ್ಟಿ ಹಿಡಿದು ನಾನು ಓದಿದೆ, ಅವರು ಹಾಳೆ ಎತ್ತಿದರು. ಸುಲ್ತಾನ ಇರಲಿಲ್ಲ. ವೀಣೆಯ ಹೆಂಗಸು ಇರಲಿಲ್ಲ. ಕುದುರೆ ಸವಾರನೂ ಇರಲಿಲ್ಲ. ಇನ್ನೊಮ್ಮೆ ನೋಡಿದೆವು. ಅಕ್ಕೋರು ಒಣಗಿದ ಕೈಯನ್ನೇ ಬಿಳಿ ಬಟ್ಟೆಗೆ ಒರೆಸುತ್ತಲೇ ಇದ್ದರು.

ನನಗೆ ಕಂಡ ಕಳ್ಳರೆಂದರೆ ಬ್ಲೇಡಿನವರು. ಹಾಸ್ಟೆಲ್ಲಿಗೆ ನುಗ್ಗಿ ಪತ್ತೇದಾರಿ ಮಾಡಿದೆ. ಒಂದು ಕೋಣೆಯ ಗೋಡೆಯಲ್ಲಿ ಕುದುರೆ ಕಾಣಿಸಿತು. “ಸಿಕ್ಕಿ ಮಗನ” ಎಂದು ಹಾರಿ ಕಿತ್ತೆ. ಅದು ಗೊಬ್ಬರದ ಕಂಪನಿಯ ಕ್ಯಾಲೆಂಡರು, ಜೊತೆಗೆ ಮೊಳೆ, ಗೋಡೆಯ ಗಾರೆ, ಎರಡು ತಿಂಗಳು ಎಲ್ಲವೂ ಬಂದವು. ಅದರ ಯಜಮಾನ ಹಾಸಿಗೆಯಿಂದಲೇ, “ತಗೋರಿ ಮಾಸ್ತರ, ಇದಕ್ಕೂ ಶಿಕ್ಕಾ ಹೊಡದ್ ತರ್ರಿ” ಎಂದ.

ಆ ವಾರವೇ ಸೂಪರಿಂಟೆಂಡೆಂಟರು ನನ್ನನ್ನು ಔರಾದಿಗೆ ಅಟ್ಟಿದರು. ಅಲ್ಲಿನ ಬೇಳೆ ಮಿಲ್ಲಿನ ಮಾಲಕರಿಗೆ ಅಕ್ಕೋರ ಬೀಳ್ಕೊಡುಗೆ ಸಮಾರಂಭದ ಆಮಂತ್ರಣ ಕೊಡಬೇಕಿತ್ತು. ಅವರು ವಾರ್ಷಿಕೋತ್ಸವದಲ್ಲಿ ಸನ್ಮಾನಗೊಂಡ ಮೂವರಲ್ಲಿ ಒಬ್ಬರು. ಬಸ್ಸಿಳಿದು ಅವರ ಮನೆ ಮುಟ್ಟುವಷ್ಟರಲ್ಲಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ಬರ್ರಿ ಬರ್ರಿ, ಕಾಲೇಜಿನವ್ರು ಬಂದಾರ. ಏ, ಚಹಾ ಇಡ್ರಿ!” ಎಂದು ಮಾಲಕರು ನನ್ನನ್ನು ಪಡಸಾಲೆಯ ಸೋಫಾದಲ್ಲಿ ಕೂರಿಸಿದರು. ಎದುರಿನ ಗೋಡೆಯಲ್ಲಿ, ಬಂಗಾರದ ಬಣ್ಣದ ಫ್ರೇಮಿನಲ್ಲಿ, ಗಿಡುಗ ಹಿಡಿದ ಸುಲ್ತಾನ ನನ್ನನ್ನು ನೋಡುತ್ತಿದ್ದ. ಎದೆಯ ಮೇಲೆ ನೇರಳೆ ಗೀಚು.

ನಾನು ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಾಲಕರಿಗೆ ಬಹಳ ಸಂತೋಷವಾಯಿತು.

“ಪಸಂದ್ ಬಂತೇನ್ರಿ? ನಿಮ್ ಕಾಲೇಜಿನವ್ರೇ ಕೊಟ್ಟದ್ದು. ಶಾಲು ನಮ್ಮಾಕಿ ಪೆಟಗ್ಯಾಗ ಇಟ್ಟಾಳ, ಹಾರ ಎಮ್ಮಿ ತಿಂತು. ಇದೊಂದು ಉಳದದ.”

“ಆ… ಎದಿ ಮ್ಯಾಲ ಅದೇನ್ರಿ?” ಎಂದೆ. ಯಾಕೆ ಕೇಳಿದೆನೋ.

ಅವರು ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟರು. ದನಿ ಇಳಿಸಿ, “ಬಾದಶಾಹನ ಮೊಹರಾ ರೀ ಅದು. ಫಾರ್ಸ್ಯಾಗ ಬರದಾರ, ಓದಾಕ ಬರಾಂಗಿಲ್ಲ. ನಕಲಿ ಚಿತ್ರಕ್ಕ ಮೊಹರಾ ಇರ್ತದೇನ್ರಿ? ಬಂದವ್ರಿಗೆಲ್ಲ ತೋರಸ್ತೇನಿ ನಾ” ಎಂದರು.

ನನ್ನ ಜೀವನದ ಅತಿ ದೊಡ್ಡ ತಪ್ಪನ್ನು ಒಬ್ಬರು ಊದಿನಕಡ್ಡಿ ಹಚ್ಚುವುದೊಂದು ಬಿಟ್ಟು ಎಲ್ಲ ಗೌರವದಿಂದ ಇಟ್ಟುಕೊಂಡಿದ್ದರು. ಅದು ನಮ್ಮದು ಎಂದು ಹೇಳಲು ಗಂಟಲಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ. ಹೇಳಿದರೆ ಈ ಮನುಷ್ಯ ಗೋಡೆಯಿಂದ ಏನನ್ನು ಇಳಿಸಬೇಕು? ಚಿತ್ರವನ್ನೋ, ತನ್ನ ಸನ್ಮಾನವನ್ನೋ? ಆಮಂತ್ರಣ ಕೊಟ್ಟು, ಉಳಿದ ಇಬ್ಬರ ಬಗ್ಗೆ ಕೇಳಿದೆ. ಒಬ್ಬರು ಹೈದರಾಬಾದಿನವರು, ಫ್ರೇಮ್ ಒಯ್ದವರು ಮತ್ತೆ ಬಂದಿಲ್ಲ. ಇನ್ನೊಬ್ಬರು ಭಾಲ್ಕಿಯ ನಿವೃತ್ತ ಹೆಡ್ ಮಾಸ್ತರು. ಅವರ ಆಮಂತ್ರಣವೂ ನನ್ನ ಚೀಲದಲ್ಲಿತ್ತು.

ಮರುದಿನ ಭಾಲ್ಕಿಗೆ ಹೋದೆ. ಹೆಡ್ ಮಾಸ್ತರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಬಾಗಿಲು ತೆರೆದು, “ಕಾಲೇಜಿನವ್ರೇನಪ್ಪಾ? ಒಳಗ ಬಾ, ಪೂಜಿ ಈಗರೆ ಮುಗಿತು, ಪ್ರಸಾದ ತಗೊಂಡ್ ಹೋಗು” ಎಂದರು. ಒಳಗೆ ದೇವರ ಜಗುಲಿಯ ಮೇಲೆ, ಎರಡು ದೀಪಗಳ ನಡುವೆ, ಮಲ್ಲಿಗೆ ಹಾರ ಹಾಕಿಕೊಂಡು ವೀಣೆಯ ಹೆಂಗಸು ಕೂತಿದ್ದಳು. ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮ. ನಿಜಕ್ಕೆ ಅವಳು ದೇವತೆಯಲ್ಲ, ಯಾವುದೋ ರಾಗವನ್ನು ಹೆಣ್ಣಾಗಿ ಬರೆದ ಚಿತ್ರದ ನಾಯಿಕೆ, ಯಾರಿಗೋ ಕಾಯುತ್ತ ಕೂತವಳು.

“ಸರಸ್ವತಿ ತಾಯಿ,” ಎಂದರು ಅವರು. “ನಮ್ಮನಿಯವ್ರು ಜೀವಮಾನ ಎಲ್ಲಾ ಸಾಲ್ಯಾಗ ದುಡದ್ರು. ರಿಟೈರ್ ಆದ್ ಮ್ಯಾಲ ತಾನೇ ನಡಕೊಂಡ್ ಮನಿಗಿ ಬಂದಾಳ ನೋಡು. ಗಲ್ಲದ ಮ್ಯಾಲ ದೃಷ್ಟಿಬಟ್ಟು ನೋಡಿದೇನು? ತಾಯಿಗಿ ಯಾರ್ ಕಣ್ಣೂ ತಾಕಬಾರ್ದಂತ ಇಟ್ಟಾರ. ಬರದವ್ರು ಎಷ್ಟ್ ಶಾಣ್ಯಾರಿದ್ರು!”

ಬರೆದವರು ಶಾಣ್ಯಾರೇ ಅವ್ವಾ, ಬಟ್ಟು ಇಟ್ಟವನು ಕತ್ತೆ ಎನ್ನಬೇಕೆಂದಿದ್ದೆ. ಬಾಯಿಯಲ್ಲಿ ಪ್ರಸಾದ ಇತ್ತು. ಸಕ್ಕರೆ ಹಾಕಿದ್ದರು, ನನಗೆ ಕಹಿಯಾಯಿತು. ಕೈಮುಗಿದು ಹೊರಬಿದ್ದೆ. ನನ್ನದೇ ಶಿಕ್ಕಾಕ್ಕೆ ಕೈಮುಗಿದು ಬಂದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಬೀದರಿಗೆ ಬಂದವನೇ ನೇರ ಫ್ರೇಮ್ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಗಾಜು ಕೊಯ್ಯುತ್ತಿದ್ದರು. ಆ ಮೂರು ಫ್ರೇಮಿನ ಚಿತ್ರ ಯಾರು ತಂದುಕೊಟ್ಟರು ಎಂದು ಕೇಳಿದೆ.

“ಔರ್ ಕೌನ್? ನಿಮ್ ಆಫೀಸ್ ಸಾಬ್,” ಎಂದರು. “ಕಾಗದ ದೊಡ್ದ್ ಅದಾ, ಫ್ರೇಮ್ ಸಣ್ಣ. ನಾ ಬೋಲ್ಯಾ, ಸಾಬ್ ಅಚ್ಛಾ ಕಾಗದ ಅದಾ, ದೊಡ್ಡ ಫ್ರೇಮ್ ಹಾಕಿಸ್ರಿ. ಅವ್ರು ಕಾಟೋ ಅಂದ್ರು. ಸುತ್ತ ಅಂಚು ಕಾಟ್ ಮಾಡ್ದೆ. ಮತ್ತ ನೀ ಏನ್ ಕೇಳ್ತಿ ಮಿಯಾಂ? ಒಯ್ದಾಂವ ನೀನೇ ಅಲ್ಲಾ? ಗಾಡಿಗಿ ಹಗ್ಗ ನಾ ಕಟ್ಟಿ ಕೊಟ್ಟೆ!”

ಹಗ್ಗ ನನಗೂ ನೆನಪಿತ್ತು. ಚೆನ್ನಾಗಿ ಬಿಗಿದಿದ್ದರು.

ಸೂಪರಿಂಟೆಂಡೆಂಟರ ಮುಂದೆ ನಿಂತು ನೋಡಿದ್ದನ್ನೆಲ್ಲ ಹೇಳಿದೆ. ಅವರು ಬೆವರುತ್ತಾರೆ, ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಫ್ಯಾನಿನ ವೇಗ ಹೆಚ್ಚಿಸಿದರು.

“ಹೌದು, ನಾನೇ ಕೊಡಸೇನಿ. ಕಾಲೇಜಿನ ಸಾಮಾನು ಕಾಲೇಜೇ ಕೊಟ್ಟದ. ಕಳವು ಹ್ಯಾಂಗ ಆಗ್ತದ? ಮತ್ತ ಅವು ಚಿತ್ರ ಆಗಿ ಉಳದಿದ್ವೇನು? ಮಾರಿಗಿ ಶಿಕ್ಕಾ ಹೊಡದು ಕೆಡಸದಾಂವ ಯಾರು? ಕೆಟ್ಟ ಸಾಮಾನಕ್ಕ ನಾನು ಮರ್ಯಾದಿ ಕೊಡಸೇನಿ. ನೀ ನನಗ ಶಾಬಾಸ್ ಅನ್ಬೇಕು.”

“ಅಕ್ಕೋರ ಕಾಗದ ನಿಂತದ ಅಲ್ರಿ ಸಾಹೇಬರ.”

“ಅದಕ್ಕೇ ಹೇಳ್ಲತ್ತೇನಿ. ಕಾಗದದಾಗ ಏನರೆ ಬರಿಬೇಕಲ್ಲ. ಅಕ್ಕೋರ ಕಾಲಕ್ಕ ಕಳದವು ಅಂತ ನೀ ಬರದ್ ಕೊಡು. ತಪಾಸಣಿ ಮಾಡದಾಂವ ನೀನು, ಶಾಣ್ಯಾ ಅದಾನ ಅಂತ ಕಮಿಟಿಗಿ ನಾ ಹೇಳ್ತೇನಿ, ಕುರ್ಚಿ ನಿನಗ ಬರ್ತದ. ಆ ಹೆಣ್ಮಗಳದು ಒಂದೆರಡ್ ವರ್ಷ ತಡಾ ಆಗ್ತದ, ಅಷ್ಟೇ. ಇಲ್ಲಾ, ಟ್ರೇನಿ ಶಿಕ್ಕಾ ಹೊಡದು ಕೆಡಸ್ಯಾನ ಅಂತ ಬರಿ. ರದ್ದಿಗಿ ಹಾಕ್ತೇವು, ಆಕಿ ಕಾಗದ ನಾಳಿಗೇ ಹೋಗ್ತದ. ನಿನ್ ಕುರ್ಚಿ ಮಾತ್ರ ನೀನೇ ನೋಡ್ಕೋ.”

“ಖರೇ ಏನದ ಅದನ್ನೇ ಬರದ್ರ?”

“ಬರಿ. ಔರಾದಿನವ್ರ ಮನಿಗಿ, ಭಾಲ್ಕಿಯವ್ರ ಮನಿಗಿ ಹೋಗಿ ಫ್ರೇಮ್ ಕಿತ್ಕೊಂಡ್ ಬಾ. ಅಲ್ಲಿತನಕ ಫೈಲು ಇಲ್ಲೇ ಇರ್ತದ,” ಎಂದು ತಮ್ಮ ಡ್ರಾವರು ತೋರಿಸಿದರು.

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಮೂರನೆಯ ದಾರಿಯನ್ನು ಮನಸ್ಸಿನಲ್ಲಿ ನಡೆದು ನೋಡಿದೆ. ದೇವರ ಜಗುಲಿಯಿಂದ ಸರಸ್ವತಿಯನ್ನು ಇಳಿಸಿ ಬಗಲಲ್ಲಿ ಹಿಡಿದು ಭಾಲ್ಕಿಯ ಬಸ್ಸು ಹತ್ತಬೇಕು. ಆ ಮುದುಕಿ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. ಹೈದರಾಬಾದಿನ ಕುದುರೆಯಂತೂ ಸಿಗುವುದೇ ಇಲ್ಲ. ಫೈಲು ಡ್ರಾವರಿನಲ್ಲೇ ಕೊಳೆಯುತ್ತದೆ. ಮೊದಲನೆಯ ದಾರಿ ಸುಲಭವಿತ್ತು. ನಾನು ಕಲಿತದ್ದೆಲ್ಲ ಅದಕ್ಕೇ ಆಗಿತ್ತು, ಆ ಕುರ್ಚಿಗೆ. ಕೂತು ನೋಡಿದೆ, ಸುಳ್ಳು ಹೇಳುವುದಿಲ್ಲ, ಬಹಳ ಹೊತ್ತು ಆ ಕುರ್ಚಿಯ ಮೇಲೆ ಮನಸ್ಸಿನಲ್ಲೇ ಕೂತು ನೋಡಿದೆ. ಯಾರೋ ಬಂದು ‘ನೀಲಿ ಬೇಕ್ರಿ’ ಎನ್ನುತ್ತಾರೆ. ‘ಯಾವ್ ನೀಲಿ’ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಆ ಮಾತು ಅವರದು.

ಒಳಗೆ ಹೋಗಿ ಬರೆದುಕೊಟ್ಟೆ. ತರಬೇತಿಯವನಾದ ನಾನು ಅಜ್ಞಾನದಿಂದ ಈ ಪೆಟ್ಟಿಗೆಯ ಚಿತ್ರಗಳ ಮುಖದ ಮೇಲೆ ಮುದ್ರೆ ಒತ್ತಿ ಉಪಯೋಗಕ್ಕೆ ಬಾರದಂತೆ ಮಾಡಿದ್ದೇನೆ, ಇದರಲ್ಲಿ ಗ್ರಂಥಪಾಲಕರ ತಪ್ಪಿಲ್ಲ. ಕೆಳಗೆ ಸಹಿ. ಸೂಪರಿಂಟೆಂಡೆಂಟರು ಓದಿ, ಕಾಲೇಜಿನ ಶಿಕ್ಕಾ ತೆಗೆದು ನನ್ನ ಸಹಿಯ ಪಕ್ಕದಲ್ಲಿ ಒತ್ತಿದರು. ಸಣ್ಣಗೆ, ಮೂಲೆಯಲ್ಲಿ, ಸರಿಯಾದ ಜಾಗದಲ್ಲಿ.

ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಯಾರಾದರೂ ನನಗೊಂದು ಶಾಲು ಹೊದಿಸಬೇಕಿತ್ತು ಅನ್ನಿಸಿತ್ತು. ಅಕ್ಕೋರಿಗೆ ಗೊತ್ತಾದಾಗ ಅವರು ಶಾಲು ಹೊದಿಸಲಿಲ್ಲ.

“ನನ್ ಸಲುವಾಗಿ ಬರದಿ, ಹೌದಲಾ?” ಎಂದರು. “ಮೂರು ಹೋಗಿದ್ವು. ನೀ ಏನ್ ಬರದಿ? ಪೆಟಗಿ ಕೆಟ್ಟದ ಅಂತ ಬರದಿ. ಉಳದಿದ್ವಲ್ಲೋ ತಮ್ಮಾ, ಅವು ಏನ್ ಪಾಪ ಮಾಡಿದ್ವು?”

ಅಷ್ಟು ಹೊತ್ತಿಗೆ ಗಾಜಿನ ಕಪಾಟು ಖಾಲಿಯಾಗಿತ್ತು. ರದ್ದಾದ ಪೆಟ್ಟಿಗೆ ಗ್ರಂಥಾಲಯದ ಲೆಕ್ಕದಿಂದ ಹೊರಗೆ ಬಂದಿತ್ತು. ಆಫೀಸಿನವರು ಬಂದು ಎತ್ತಿಕೊಂಡು ಹೋಗಿದ್ದರು. ಸುಮಾರು ವರ್ಷಗಳಿಗಾಗುವಷ್ಟು ಸನ್ಮಾನ ಅದರಲ್ಲಿತ್ತು.

ಅಕ್ಕೋರ ಕಾಗದ ಮಾತ್ರ ಮುಂದೆ ಹೋಯಿತು. ಕುರ್ಚಿಗೆ ಸಂದರ್ಶನ ನಡೆಯಲೇ ಇಲ್ಲ. ತಕ್ಕ ಅಭ್ಯರ್ಥಿ ಇಲ್ಲವೆಂದು ಗ್ರಂಥಾಲಯದ ಪ್ರಭಾರವನ್ನು ಸೂಪರಿಂಟೆಂಡೆಂಟರಿಗೇ ವಹಿಸಿದರು. ನನಗೆ ತಿಂಗಳ ಕೊನೆಯವರೆಗೆ ಇರಲು ಹೇಳಿದರು.

ಬೀಳ್ಕೊಡುಗೆಯ ದಿನ ತಟ್ಟೆ ಹಿಡಿಯುವ ಕೆಲಸ ನನಗೆ ತಪ್ಪಲಿಲ್ಲ. ಔರಾದಿನ ಮಾಲಕರು ಮುಖ್ಯ ಅತಿಥಿ. ಅವರು ಅಕ್ಕೋರಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ನಾನು ತಟ್ಟೆಯಿಂದ ಬಣ್ಣದ ಕಾಗದದ ಕಟ್ಟು ಎತ್ತಿ ಕೊಟ್ಟೆ. ಅದರ ತೂಕ ನನ್ನ ಕೈಗೆ ಮೊದಲೇ ಗೊತ್ತಿತ್ತು. ಅಕ್ಕೋರು ಅದನ್ನು ತೆಗೆದುಕೊಳ್ಳುವಾಗ ನನ್ನನ್ನು ನೋಡಿದರು. ಕ್ಯಾಮೆರಾದವನು “ಮೇಡಂ, ಜರಾ ನಗ್ರಿ” ಎಂದ. ನಕ್ಕರು.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಅವರು ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದರು. ಬಗಲಲ್ಲಿ ಫ್ರೇಮು. ಒಳಗೆ ಬಂದು, ಕೈ ತೊಳೆದು, ಸೆರಗಿಗೆ ಒರೆಸಿ, ಮತ್ತೆ ಬಿಳಿ ಬಟ್ಟೆಗೆ ಒರೆಸಿಕೊಂಡರು. ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿ ಹಿಂದಿನ ಮೊಳೆಗಳನ್ನು ಒಂದೊಂದೇ ಎಬ್ಬಿಸಿದರು. ರಟ್ಟು ತೆಗೆದರು. ಹಾಳೆ ತಿರುಗಿಸಿದರು.

ಮರದ ಕೆಳಗೆ ಓದುತ್ತ ಕೂತ ಮುದುಕ. ಸುತ್ತಲಿನ ಅಂಚು ಹೋಗಿತ್ತು. ಮರದ ಅರ್ಧ ನೆರಳೂ ಅಂಚಿನ ಜೊತೆ ಹೋಗಿತ್ತು. ಪುಸ್ತಕದ ಮೇಲೆ ನನ್ನ ಶಿಕ್ಕಾ ಹಾಗೇ ಇತ್ತು.

“ದಾಖಲ್ ಮಾಡ್ಕೋ,” ಎಂದರು. “ದೇಣಿಗಿ ಅಂತ ಬರಿ. ಕೊಟ್ಟವ್ರು ಅನ್ನೋ ಕಡಿಗಿ ನನ್ ಹೆಸರು ಬರಿ.”

“ಅಕ್ಕೋರ, ಇದು ನಮ್ದೇ ಅಲ್ಲೇನ್ರಿ?”

“ಇತ್ತು.”

ಬರೆದುಕೊಂಡೆ. ಹೊಸ ನಂಬರು ಕೊಟ್ಟೆ. ಅವರು ಡ್ರಾವರಿನಿಂದ ಶಿಕ್ಕಾ ತೆಗೆದು, ಪ್ಯಾಡಿಗೆ ಹಗುರವಾಗಿ ಮುಟ್ಟಿಸಿ ನನ್ನ ಕೈಗೆ ಕೊಟ್ಟರು. ಅವರು ಹಾಳೆಯನ್ನು ತಾವೇ ಮಗುಚಿ ಹಾಕಿದರು. ಅವರ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ನಗೆಯೂ ಇರಲಿಲ್ಲ.

“ಈ ಸಲ ಬೆನ್ನಿಗಿ.”

ಮೂಲೆಯಲ್ಲಿ, ಸಣ್ಣಗೆ ಒತ್ತಿದೆ. ನನ್ನ ತರಬೇತಿಯಲ್ಲಿ ಸರಿಯಾಗಿ ಬಿದ್ದ ಶಿಕ್ಕಾ ಅದೊಂದೇ. ಶಾಯಿ ಒಣಗಬೇಕಿತ್ತು. ಅವರು ಸಂದರ್ಶಕರ ಸ್ಟೂಲಿನ ಮೇಲೆ ಕೂತಿದ್ದರು, ನಾನು ನಿಂತಿದ್ದವನು ನೆಲಕ್ಕೇ ಕೂತೆ. ಕುರ್ಚಿ ಖಾಲಿ ಇತ್ತು. ಆಮೇಲೆ ಹಾಳೆಯನ್ನು ಬಟರ್ ಪೇಪರಿನಲ್ಲಿಟ್ಟು, ಖಾಲಿ ಕಪಾಟಿನಲ್ಲಿ ಮಲಗಿಸಿ ಬೀಗ ಹಾಕಿದೆ. ತಿಂಗಳ ಕೊನೆಗೆ ಆ ಬೀಗದ ಕೈಯನ್ನೂ ಆಫೀಸಿಗೆ ಕೊಟ್ಟು, ಹಲಬರ್ಗಾದ ಬಸ್ಸು ಹತ್ತಿದೆ.